ಸೋಮವಾರದವರೆಗೆ ಕಾಯದ ವಾಷರ್‌ಗಳು

ಎರಡು ಹೊಸ ವಾಷರ್‌ಗಳಿಗಾಗಿ ನಾನು ಒಂದು ದಿನ ಕಾಯಬೇಕಿತ್ತು. ಕಾಯಲಿಲ್ಲ. ಅದರಿಂದ ನಮ್ಮ ಅಕ್ಕನ ಕಾರು ಹೆದ್ದಾರಿಯಲ್ಲಿ ಸುಟ್ಟಿತು. ಆಮೇಲೆ ನಿಜ ಹೇಳುವುದಕ್ಕೆ ಮೂರು ವರ್ಷ ಸಮಯವಿತ್ತು. ಹೇಳಲಿಲ್ಲ. ಮೊದಲನೆಯದು ಕೆಲಸದಲ್ಲಿ ಆಗುವ ತಪ್ಪು, ಯಾರಿಗಾದರೂ ಆಗಬಹುದು. ಎರಡನೆಯದಕ್ಕೆ ಆ ಮಾತು ಹೇಳಲಾರೆ.

ನಾನು ಓದಿದ್ದು ಏಳನೇ ತರಗತಿ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತೆ. ಅಕ್ಕ ಜಯಲಕ್ಷ್ಮಿ ನನಗಿಂತ ಐದು ವರ್ಷ ದೊಡ್ಡವಳು. ಮದುವೆಯಾಗಿ ಅಟ್ಲಾಂಟಾ ಸೇರಿದವಳು, ನನಗೂ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಕರೆಸಿಕೊಂಡಳು. ಪರಿಚಯದವರ ಮೂಲಕ ವರ್ಜೀನಿಯಾದ ಸೆಂಟರ್‌ವಿಲ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು. ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದೆ. ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಹೆಚ್ಚಿಸುವ ಟರ್ಬೊ ಇರುವ ಜಪಾನಿ ಕಾರುಗಳು ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದವು. ಅಂಥ ಕಾರು ಕೊಳ್ಳುವ, ಅದಕ್ಕೆ ಬೇರೆ ಭಾಗ ಹಾಕಿಸಬೇಕೆನ್ನುವ, ಅಥವಾ ಈ ಕೆಲಸವನ್ನೇ ಹಿಡಿಯುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗ್ಯಾರೇಜಿನ ಯಜಮಾನ ಚೋಯ್, ಕೊರಿಯಾದವನು. ಅವನ ಇಂಗ್ಲಿಷ್ ಅರ್ಧ, ನನ್ನದು ಕಾಲು. ಆದರೂ ಅವನು ಹೇಳಿದ ಒಂದು ಮಾತೂ ನನಗೆ ಅರ್ಥವಾಗದೆ ಉಳಿಯಲಿಲ್ಲ. ಕಾರ್ಡ್ ಇಲ್ಲದ ಕಾರಿಗೆ ಸ್ಪ್ಯಾನರ್ ಮುಟ್ಟಿಸಬಾರದು ಎಂಬುದು ಅವನ ನಿಯಮ. ಪ್ರತಿ ಕಾರಿಗೂ, ಮಾಡುವ ಕೆಲಸ ಬರೆಯುವ ಒಂದು ಹಳದಿ ಕಾರ್ಡ್. ಅದರ ಮೇಲ್ಗಡೆ ಗಿರಾಕಿಯ, ಯಜಮಾನನ ಸಹಿ, ಕೊನೆಯಲ್ಲಿ ಇನ್ನೂ ಮೂರು ಸಹಿ: ಬಿಗಿ ಮಾಡಿದವನದು, ಎರಡನೇ ಸಲ ನೋಡಿದವನದು, ಓಡಿಸಿ ತಂದವನದು. ಬಿಗಿ ಮಾಡಿದವನೇ ಎರಡನೇ ಸಲ ನೋಡುವಂತಿಲ್ಲ. ಚೋಯ್ ತನ್ನ ತಾಯಿಯ ಕಾರಿಗೂ ಕಾರ್ಡ್ ಬರೆಯುತ್ತಿದ್ದ. ತನ್ನ ಸ್ವಂತ ಕಾರಿನ ಕಾರ್ಡಿನಲ್ಲಿ ಗಿರಾಕಿಯ ಜಾಗದಲ್ಲೂ ಯಜಮಾನನ ಜಾಗದಲ್ಲೂ ತಾನೇ ಸಹಿ ಮಾಡುತ್ತಿದ್ದ. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಆ ನಿಯಮ ನನ್ನನ್ನೇ ಒಮ್ಮೆ ಉಳಿಸಿತ್ತು. ಟರ್ಬೊದಿಂದ ಇಂಜಿನ್‌ಗೆ ಗಾಳಿ ಹೋಗುವ ಪೈಪು ಬಿಚ್ಚಿದಾಗ, ಕಸ ಬೀಳದಿರಲಿ ಎಂದು ಅದರ ಬಾಯಿಗೆ ಬಟ್ಟೆ ತುರುಕಿದ್ದೆ. ಬಟ್ಟೆ ಒಳಗಿರುವಾಗಲೇ ಪೈಪು ಜೋಡಿಸಿ ಬಿಗಿ ಮಾಡಿಬಿಟ್ಟೆ. ಎರಡನೇ ಸಲ ನೋಡಿದ ಚೋಯ್, ಟೇಬಲ್ ಮೇಲಿನ ಬಟ್ಟೆಗಳನ್ನು ಎಣಿಸಿ, ಒಂದು ಕಡಿಮೆ ಇದೆ ಎಂದು ಪೈಪು ಬಿಚ್ಚಿಸಿದ. ಬಯ್ಯಲಿಲ್ಲ. ಆ ಬಟ್ಟೆಯನ್ನು ನನ್ನ ಲಾಕರ್ ಬಾಗಿಲಿಗೆ ತೂಗುಹಾಕಿದ. ಒಂದು ತಿಂಗಳು ನಾನು ಅದನ್ನು ಸರಿಸಿಯೇ ಬುತ್ತಿ ತೆಗೆಯಬೇಕಾಯಿತು. ಪೈಪಿನ ಬಾಯಿಗೆ ತುರುಕುವ ಬಟ್ಟೆ ಕೆಂಪು ಬಣ್ಣದ್ದಿರಲಿ, ಅದರ ತುದಿ ಒಂದು ಗೇಣು ಹೊರಗೆ ಇಳಿಬಿದ್ದಿರಲಿ. ಇದು ನಾನು ಯಾವ ಹೊಸಬನಿಗೂ ಮೊದಲು ಹೇಳುವ ಮಾತು.

2020ರಲ್ಲಿ ಊರೆಲ್ಲ ಮನೆಯೊಳಗೆ ಕುಳಿತಾಗ ಕಾರುಗಳೂ ಕುಳಿತವು. ಓಡದೆ ನಿಂತ ಕಾರು ಹಾಳಾಗುವುದಿಲ್ಲ ಎಂದು ಜನ ತಿಳಿದಿದ್ದರು. ಆ ಬೇಸಿಗೆಯಲ್ಲಿ ನಾನು ಏರ್ ಫಿಲ್ಟರ್ ಡಬ್ಬಿಗಳಲ್ಲಿ ಇಲಿಗೂಡು ಕಂಡೆ, ಸತ್ತ ಬ್ಯಾಟರಿಗಳನ್ನು ಲೆಕ್ಕವಿಲ್ಲದಷ್ಟು ಬದಲಿಸಿದೆ. ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಬಂದ ಕಾರಿನ ಆಯಿಲ್ ಇನ್ನೂ ಕೆಟ್ಟದಾಗಿರುತ್ತಿತ್ತು. ಎರಡು ಮೈಲಿ ಓಡಿಸಿ ನಿಲ್ಲಿಸಿದರೆ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ, ಅದರೊಳಗೆ ಸೇರಿದ ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ಟರ್ಬೊ ಕಾರಿಗೆ ಇದು ಹೆಚ್ಚು ಕೆಟ್ಟದ್ದು. ಟರ್ಬೊ ಒಳಗಿನ ಸಣ್ಣ ದಂಡ ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುತ್ತದೆ, ಅದನ್ನು ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ. ಕಂಪನಿಯ ಪುಸ್ತಕ ಎಷ್ಟೇ ಹೇಳಲಿ, ಟರ್ಬೊ ಕಾರಿಗೆ ನಾಲ್ಕು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಿಸಿ. ಹೊರಟ ಮೊದಲ ಹತ್ತು ನಿಮಿಷ ಪೆಡಲ್ ಮೆಲ್ಲಗೆ ಒತ್ತಿ. ಬೆಟ್ಟ ಹತ್ತಿಯೋ ಜೋರಾಗಿ ಓಡಿಸಿಯೋ ಬಂದರೆ, ಆಫ್ ಮಾಡುವ ಮುಂಚೆ ಒಂದೆರಡು ನಿಮಿಷ ಹಾಗೇ ತಿರುಗಲು ಬಿಡಿ.

ಕೆಲಸದ ರೀತಿಯೂ ಆಗಲೇ ಬದಲಾಯಿತು. ಗಿರಾಕಿ ಒಳಗೆ ಬರುವಂತಿರಲಿಲ್ಲ, ಹಾಗಾಗಿ ಕಾರಿನ ಕೆಳಗೆ ನಿಂತು ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಬೇಕಾಯಿತು. ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಇಂಜಿನ್‌ನ ಅಂಕಿ ಓದುವುದನ್ನು ನನ್ನ ಅರ್ಧ ವಯಸ್ಸಿನವರಿಂದ ಕಲಿತೆ. ಅದಕ್ಕೆ ಮೊದಲು ಗಾಳಿ ಸೋರುವುದನ್ನು ಸೋಪಿನ ನೀರಿನಲ್ಲಿ ಹುಡುಕುತ್ತಿದ್ದೆ. ಆಮೇಲೆ ಹೊಗೆ ತುಂಬುವ ಯಂತ್ರ ಬಂತು. ಪೈಪಿನೊಳಗೆ ಹೊಗೆ ಬಿಟ್ಟರೆ ಸೋರುವ ಕಡೆ ಅದೇ ಎದ್ದು ತೋರಿಸುತ್ತದೆ. ಟರ್ಬೊ ಕಾರಿಗೆ ಶಕ್ತಿ ಕಡಿಮೆಯಾಯಿತೆಂದು ಯಾರಾದರೂ ಬಂದರೆ, ಟರ್ಬೊ ಬದಲಿಸುವ ಮೊದಲು ಪೈಪುಗಳಲ್ಲಿ ಹೊಗೆ ಬಿಟ್ಟು ನೋಡಿ. ಹೆಚ್ಚಿನ ಸಲ ಪೈಪು ಹಿಡಿಯುವ ಒಂದು ಸಡಿಲ ಕ್ಲ್ಯಾಂಪು, ಅಷ್ಟೇ.

ಬದಲಾವಣೆ ಮಾಡಿಕೊಳ್ಳುವವರ ವಿಷಯಕ್ಕೆ ಬಂದರೆ, ನನಗೆ ನೆನಪಾಗುವುದು ಪಕ್ಕದ ರಾಜ್ಯದ ಗೈದರ್ಸ್‌ಬರ್ಗ್‌ನ ಪ್ರಜ್ವಲ್. ಸಾಫ್ಟ್‌ವೇರ್ ಕೆಲಸ, ಬೆಂಗಳೂರಿನವನು. ಕಾರನ್ನು ಟೋ ಮಾಡಿಸಿಕೊಂಡು ಬಂದಿದ್ದ.

"ಅಂಕಲ್, ಸಿಗ್ನಲ್‌ನಲ್ಲಿ ಆಫ್ ಆಗ್ಬಿಡುತ್ತೆ. ಚೆಕ್ ಇಂಜಿನ್ ಲೈಟ್ ಬಂದಿದೆ."

"ಏನೇನ್ ಬದಲಾಯ್ಸಿದ್ದೀಯಪ್ಪ?"

"ಏನೂ ಇಲ್ಲ ಅಂಕಲ್. ಸ್ಟಾಕ್ ಕಾರು, ಕಂಪನಿಯಿಂದ ಬಂದ ಹಾಗೇ ಇದೆ."

ಬಾನೆಟ್ ಎತ್ತಿದೆ. ಗಾಳಿ ಹೊರಬಿಡುವ ನೀಲಿ ಬಣ್ಣದ ಹೊಸ ವಾಲ್ವ್ ಹೊಳೆಯುತ್ತಿತ್ತು.

"ಇದು ಫ್ಯಾಕ್ಟರಿಯಿಂದಾನೇ ನೀಲಿ ಬಂತಾ?"

ಹುಡುಗ ನಕ್ಕ. "ಸೌಂಡ್ ಚೆನ್ನಾಗಿರುತ್ತೆ ಅಂತ ಹಾಕ್ದೆ ಅಂಕಲ್. ಬರೀ ಅದೊಂದೇ. ಮತ್ತೆ ಇಂಟೇಕ್. ಮತ್ತೆ ಡೌನ್‌ಪೈಪ್. ಮತ್ತೆ ಆನ್‌ಲೈನ್‌ನಲ್ಲಿ ಒಂದು ಟ್ಯೂನ್ ತಗೊಂಡು ಲೋಡ್ ಮಾಡ್ದೆ."

"ಎಲ್ಲಾ ಯಾವಾಗ?"

"ಲಾಂಗ್ ವೀಕೆಂಡ್ ಇತ್ತಲ್ಲ."

ಮೂರು ದಿನದಲ್ಲಿ ನಾಲ್ಕು ಬದಲಾವಣೆ: ವಾಲ್ವ್, ಗಾಳಿ ಎಳೆಯುವ ಪೈಪು, ಹೊಗೆ ಬಿಡುವ ಪೈಪು, ಇಂಜಿನ್ ಕಂಪ್ಯೂಟರಿನ ಲೆಕ್ಕ. ಈಗ ಯಾವುದರಿಂದ ತೊಂದರೆ ಎಂದು ಅವನಿಗೂ ಗೊತ್ತಿಲ್ಲ, ಕಾರಿಗೂ ಗೊತ್ತಿಲ್ಲ. ನಾನು ಗ್ಯಾರೇಜಿನಲ್ಲಿದ್ದ ಭಾಗಗಳನ್ನು ತಾತ್ಕಾಲಿಕವಾಗಿ ಹಾಕಿ, ಒಂದೊಂದನ್ನೇ ಹಿಂದಕ್ಕೆ ತೆಗೆಯುತ್ತ ಹೋದೆ. ಆಫ್ ಆಗುತ್ತಿದ್ದದ್ದು ಆ ನೀಲಿ ವಾಲ್ವ್‌ನಿಂದಲೇ. ಒಳಗೆ ಬಂದ ಗಾಳಿಯನ್ನು ಕಾರಿನ ಕಂಪ್ಯೂಟರ್ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಅಳೆದ ಗಾಳಿಯನ್ನು ಸದ್ದಿಗಾಗಿ ಹೊರಗೆ ಬಿಟ್ಟುಬಿಟ್ಟರೆ, ಪೆಟ್ರೋಲ್ ಮಾತ್ರ ಉಳಿದು ಇಂಜಿನ್ ಉಸಿರುಗಟ್ಟುತ್ತದೆ. ಡೌನ್‌ಪೈಪ್‌ನಲ್ಲಿ ಹೊಗೆ ಶುದ್ಧ ಮಾಡುವ ಭಾಗವೇ ಇರಲಿಲ್ಲ. ಅದು ಕಾನೂನಿಗೆ ವಿರುದ್ಧ, ಹೊಗೆ ಅಳೆಯುವ ಎಮಿಷನ್ ಟೆಸ್ಟ್‌ನಲ್ಲೂ ಪಾಸಾಗುವುದಿಲ್ಲ.

"ಹಳೇ ಪಾರ್ಟ್ ಎಲ್ಲಿ?"

"ಮಾರ್ಬಿಟ್ಟೆ ಅಂಕಲ್."

ಹಳೆಯ ಭಾಗವನ್ನು ಎಂದೂ ಮಾರಬೇಡಿ. ಹೆಸರು ಬರೆದು ಡಬ್ಬಿಯಲ್ಲಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಓಡಿಸಿ, ಅಂಕಿ ಬರೆದಿಟ್ಟುಕೊಳ್ಳಿ, ಆಮೇಲೆ ಮುಂದಿನದು. ಬೇರೆಯವರ ಕಾರಿಗೆ ಮಾಡಿದ ಟ್ಯೂನ್ ನಿಮ್ಮ ಕಾರಿಗೆ ಬೇರೆಯವರ ಕನ್ನಡಕವಿದ್ದ ಹಾಗೆ. ಶಕ್ತಿ ಹೆಚ್ಚಿಸುವ ಮೊದಲು ಬ್ರೇಕು, ಟೈರು, ಕೂಲಂಟ್ ಪೈಪು, ಪ್ಲಗ್ ಸರಿಯಿರಲಿ. ಕಾರು ಆರೋಗ್ಯವಾಗಿಲ್ಲದಿದ್ದರೆ ಹೆಚ್ಚಿನ ಶಕ್ತಿ ಅದರ ರೋಗವನ್ನೇ ಬೇಗ ಹೊರಗೆ ತರುತ್ತದೆ.

ಇಷ್ಟೆಲ್ಲ ಬುದ್ಧಿ ಹೇಳುವವನು ತನ್ನ ಅಕ್ಕನ ಕಾರಿಗೆ ಏನು ಮಾಡಿದ ಎನ್ನುವುದನ್ನು ಈಗ ಬರೆಯಬೇಕು.

ಅಕ್ಕ ಅಟ್ಲಾಂಟಾದಲ್ಲಿ ವಯಸ್ಸಾದವರ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸ ಮಾಡುತ್ತಿದ್ದಳು. ಡ್ರೈವಿಂಗ್ ಕಲಿತದ್ದು ನಲವತ್ತೈದು ದಾಟಿದ ಮೇಲೆ. ಕಲಿತ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಭಾವ ಬೇಡವೆಂದರೂ ಕೇಳದೆ, ಗೇರ್ ಇರುವ ಹಳೆಯ ಜಪಾನಿ ಟರ್ಬೊ ಕಾರು ಕೊಂಡಳು. "ಆಟೊಮ್ಯಾಟಿಕ್ ಓಡ್ಸೋದು ಅಂದ್ರೆ ಬಸ್ಸಲ್ಲಿ ಕೂತಂಗೆ ಕಣೋ ಶಿವು" ಎನ್ನುತ್ತಿದ್ದಳು.

2021ರ ಜೂನ್‌ನಲ್ಲಿ, ಎಲ್ಲರೂ ಲಸಿಕೆ ಹಾಕಿಸಿಕೊಂಡ ಮೇಲೆ, ಅವಳು ಆ ಕಾರಿನಲ್ಲೇ ಒಬ್ಬಳೇ ಅಟ್ಲಾಂಟಾದಿಂದ ಹತ್ತು ಗಂಟೆಯ ದಾರಿ ಓಡಿಸಿಕೊಂಡು ನಮ್ಮ ಮನೆಗೆ ಬಂದಳು. ಟರ್ಬೊದಿಂದ ಸಣ್ಣಗೆ ಸಿಳ್ಳೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಚೋಯ್‌ನಿಂದ ಬೀಗದ ಕೈ ಪಡೆದು ಗ್ಯಾರೇಜಿಗೆ ಹೋದೆವು. ನೋಡಿದರೆ ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಕೊಳವೆ ಅರ್ಧ ಕಟ್ಟಿಕೊಂಡಿತ್ತು. ಹೊಸ ಕೊಳವೆ ನಮ್ಮ ಶೆಲ್ಫಿನಲ್ಲಿತ್ತು. ಅದರ ಬೋಲ್ಟಿನ ಎರಡೂ ಬದಿಗೆ ಕೂತು ಆಯಿಲ್ ಸೋರದಂತೆ ತಡೆಯುವ ವಾಷರ್‌ಗಳು ಇರಲಿಲ್ಲ. ಪಾರ್ಟ್ಸ್ ಅಂಗಡಿ ತೆಗೆಯುವುದು ಸೋಮವಾರ ಬೆಳಿಗ್ಗೆ.

"ನಾಳೆ ಹೋದ್ರಾಗಲ್ವಾ ಅಕ್ಕ?"

"ನಾಳೆ ಏಳು ಗಂಟೆಗೆ ಮೂರು ಜನ ಮುದುಕರು ಹೊಟ್ಟೆಗೇನೂ ತಿನ್ದೆ ನನಗೋಸ್ಕರ ಕೂತಿರ್ತಾರೆ. ಆಗ್ದಿದ್ರೆ ಹೇಳು, ಫೋನ್ ಮಾಡಿ ಕ್ಯಾನ್ಸಲ್ ಮಾಡ್ತೀನಿ."

ಕ್ಯಾನ್ಸಲ್ ಮಾಡುತ್ತೇನೆಂದು ಅವಳೇ ಹೇಳಿದಳು. ಇದನ್ನು ನಾನು ಮರೆತಿಲ್ಲ. ಆದರೆ ಅಕ್ಕನ ಮುಂದೆ ಆಗುವುದಿಲ್ಲ ಎನ್ನಲು ನನಗೆ ನಾಲಗೆ ಏಳಲಿಲ್ಲ. ಈ ದೇಶಕ್ಕೆ ನನ್ನನ್ನು ಕರೆಸಿದವಳಿಗೆ ನನ್ನ ಕೈ ಏನು ಮಾಡಬಲ್ಲದು ಎಂದು ತೋರಿಸಬೇಕಿತ್ತು.

ಮೈಸೂರಿನ ಗ್ಯಾರೇಜಿನಲ್ಲಿ ನಾವು ವಾಷರ್ ಎಸೆಯುತ್ತಿರಲಿಲ್ಲ. ಹಳೆಯ ತಾಮ್ರದ ವಾಷರನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಹೊಸದರಂತೆ ಕೂರುತ್ತದೆ. ನಮ್ಮ ಮೇಸ್ತ್ರಿ ಕಲಿಸಿದ್ದು. ನೂರಾರು ಸಲ ಮಾಡಿದ್ದೇನೆ, ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅಕ್ಕನ ಕಾರಿನ ಎರಡು ಹಳೆಯ ವಾಷರ್‌ಗಳನ್ನು ಇಕ್ಕಳದಲ್ಲಿ ಹಿಡಿದು, ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಚ್ಚಿದೆ. ಅಕ್ಕ ಪಕ್ಕದಲ್ಲಿ ಸ್ಟೂಲ್ ಮೇಲೆ ಕುಳಿತು ನೋಡುತ್ತಿದ್ದಳು.

"ಅಕ್ಕಸಾಲಿಗನ ಥರ ಕಾಣ್ತೀಯಲ್ಲೋ. ನನಗೊಂದು ಜೊತೆ ಓಲೇನೂ ಮಾಡ್ಕೊಡು."

ಇಬ್ಬರೂ ನಕ್ಕೆವು. ನೀರಿನಿಂದ ತೆಗೆದಾಗ ಅವು ಕೈಗೆ ಹಗುರವೆನ್ನಿಸಿದವು. ಗಟ್ಟಿ ತಾಮ್ರ ಹಾಗಿರುವುದಿಲ್ಲ. ಅವು ತಾಮ್ರದ ಬಣ್ಣದ ತೆಳು ತಗಡನ್ನು ಒಳಗೆ ಮಡಚಿ ಮಾಡಿದ ಹೊಸ ಬಗೆಯವು. ಒಮ್ಮೆ ಒತ್ತಿ ಚಪ್ಪಟೆಯಾದರೆ ಮುಗಿಯಿತು, ಕಾಯಿಸಿದರೆ ಇನ್ನಷ್ಟು ಕೆಡುತ್ತವೆ. ಅದು ನನಗೆ ಆ ಕ್ಷಣ ಗೊತ್ತಾಗಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೈಗೆ ಗೊತ್ತಾಗಿತ್ತು. ಕೈಯ ಮಾತನ್ನು ನಾನು ಕೇಳಲಿಲ್ಲ.

ಕಾರ್ಡ್ ಬರೆಯಲಿಲ್ಲ. ಒಡಹುಟ್ಟಿದವಳ ಕಾರಿಗೆ ಕಾರ್ಡ್ ತೆರೆದು ಸಹಿ ಹಾಕಿಸಿಕೊಳ್ಳುವುದೆಂದರೆ ನಮ್ಮವರಲ್ಲಿ ಅವಮಾನ ಮಾಡಿದ ಹಾಗೆ. ಕಾರ್ಡಿಲ್ಲ, ಆದ್ದರಿಂದ ಎರಡನೇ ಸಲ ನೋಡುವವನಿಲ್ಲ, ಓಡಿಸಿ ತರುವವನೂ ಇಲ್ಲ. ಇಂಜಿನ್ ಐದು ನಿಮಿಷ ತಿರುಗಿಸಿದೆ. ಸೋರಲಿಲ್ಲ. ಇಂಥ ಜೋಡಣೆ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾದಾಗಲೇ ತನ್ನ ಗುಣ ತೋರಿಸುವುದು. ಊಟ ಮಾಡಿ ಅಕ್ಕ ಹೊರಟಳು.

ಸಂಜೆ ಏಳಕ್ಕೆ ಫೋನ್ ಬಂತು. ಅಟ್ಲಾಂಟಾಗೆ ಹೋಗುವ ದಾರಿಯಲ್ಲಿ, ಸೌತ್ ಕ್ಯಾರೊಲೈನಾದ ಹೆದ್ದಾರಿ. ಮೊದಲು ಲಾರಿಗಳ ಸದ್ದು, ಆಮೇಲೆ ಅವಳ ದನಿ. ಆಯಿಲ್ ದೀಪ ಹತ್ತಿದಾಗ ರಸ್ತೆ ಕೆಲಸ ನಡೆಯುತ್ತಿದ್ದ ಜಾಗದಲ್ಲಿದ್ದಳಂತೆ, ಎರಡೂ ಕಡೆ ಕಾಂಕ್ರೀಟ್ ಗೋಡೆ, ನಿಲ್ಲಿಸಲು ಜಾಗವಿಲ್ಲ, ಹಿಂದೆ ದೊಡ್ಡ ಲಾರಿ. ಗೋಡೆ ಮುಗಿಯುವ ಹೊತ್ತಿಗೆ ಬಾನೆಟ್ ಸಂದಿಯಿಂದ ಬೆಂಕಿ. ಆ ಲಾರಿಯವನೇ ಇಳಿದು ಬಂದು ನಂದಿಸಿದ. ಅವಳು ಕೈಚೀಲ ಎದೆಗೊತ್ತಿಕೊಂಡು ರಸ್ತೆಯಾಚೆ ಹುಲ್ಲಿನಲ್ಲಿ ನಿಂತಿದ್ದಳು.

ನಾನು ಮೊದಲು ಕೇಳಿದ್ದು "ನಿನಗೇನೂ ಆಗ್ಲಿಲ್ವಾ" ಎಂದಲ್ಲ.

"ದಾರೀಲಿ ಪೆಟ್ರೋಲ್ ಹಾಕ್ಸಿದಾಗ ಆಯಿಲ್ ನೋಡಿದ್ಯಾ?"

"ಇಲ್ಲ ಕಣೋ. ನೋಡ್ಬೇಕಿತ್ತಾ?"

"ಮತ್ತೆ? ಟರ್ಬೊ ಕಾರು ಅಕ್ಕ ಅದು. ಎಷ್ಟು ಸಲ ಹೇಳಿದ್ದೀನಿ."

"ನಂದೇ ತಪ್ಪು ಬಿಡು" ಎಂದಳು.

ಮರುದಿನ ಕಾರು ಎಳೆದು ನಿಲ್ಲಿಸಿದ್ದ ಯಾರ್ಡಿಗೆ ಹೋದೆ. ಭಾವ ಅಟ್ಲಾಂಟಾದಿಂದ ಬಂದಿದ್ದರು. ಬಾನೆಟ್ ಎತ್ತಿದಾಗ ಬೋಲ್ಟಿನ ಸುತ್ತ ಆಯಿಲ್ ಸೋರಿ ಸುಟ್ಟ ಗುರುತು ಇತ್ತು. ವಾಷರ್ ಒಂದು ಕಡೆ ಸೀಳಿತ್ತು. ಅಲ್ಲಿಂದಲೇ ಆಯಿಲೆಲ್ಲ ಬಿಸಿ ಟರ್ಬೊ ಮೇಲೆ ಸುರಿದಿತ್ತು. ಭಾವ ಯಾರ್ಡಿನವನ ಹತ್ತಿರ ಕಾಗದಕ್ಕೆ ಸಹಿ ಹಾಕುತ್ತಿದ್ದರು. ನಾನು ಜೇಬಿನಿಂದ ಬಟ್ಟೆ ತೆಗೆದು ಆ ಜಾಗವನ್ನು ಒರೆಸಿದೆ. ಭಾವ ಬಂದು "ಏನಂತೆ ಶಿವು?" ಎಂದರು.

"ಆಯಿಲ್ ಇಲ್ದೆ ಓಡ್ಸಿದ್ದಾಳೆ ಭಾವ."

ಅದು ಸುಳ್ಳಲ್ಲ. ಹಾಗಾಗಿಯೇ ಹೇಳುವುದು ಸುಲಭವಾಯಿತು.

ಅಕ್ಕ ಆಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ತಿಂಗಳಲ್ಲಿ ಕೆಲಸ ಬಿಟ್ಟಳು. ಅವಳಿರುವ ಕಡೆ ಕಾರಿಲ್ಲದೆ ಹಾಲು ತರುವುದಕ್ಕೂ ಆಗುವುದಿಲ್ಲ. ಭಾವ ಮೀಟಿಂಗ್ ಮುಗಿಸುವವರೆಗೆ, ಮಗಳು ಮೇಘನಾ ಕಾಲೇಜಿನಿಂದ ಬರುವವರೆಗೆ ಕಾಯಬೇಕು. ಮನೆಗೆ ಯಾರು ಬಂದರೂ ಭಾವ ಊಟದ ಹೊತ್ತಿಗೆ ಆ ಕಥೆ ತೆಗೆಯುತ್ತಿದ್ದರು. "ನಮ್ಮನೆಯವ್ರು ಒಗ್ಗರಣೆಗೆ ಎಣ್ಣೆ ಮರೆಯಲ್ಲ, ಕಾರಿಗೆ ಮಾತ್ರ ಮರೀತಾರೆ." ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತ ಪಲ್ಯ ಬಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಒಮ್ಮೆ ಯಾರೋ ಕೇಳಿದರೆಂದು, ಆಯಿಲ್ ಯಾಕೆ ನೋಡಬೇಕೆಂದು ಅವಳ ಮುಂದೆಯೇ ಕಾಲು ಗಂಟೆ ವಿವರಿಸಿದ್ದೂ ಇದೆ.

ಯಾರ್ಡಿನಿಂದ ಬಂದು ಮಂಗಳವಾರ ಕೆಲಸಕ್ಕೆ ಹೋದಾಗ ಚೋಯ್ "ಅಕ್ಕನ ಕಾರು ಸರಿಹೋಯಿತೇ?" ಎಂದು ಕೇಳಿದ್ದ. ಹೌದು ಎಂದೆ. ಎರಡು ವರ್ಷದ ಮೇಲೆ ಭುಜ ನೋವು ಹೆಚ್ಚಾಗಿ ಕೆಲಸ ಬಿಟ್ಟೆ. ಬೀಳ್ಕೊಡುವ ದಿನ ಅವನು ನನ್ನ ಹಳೆಯ ಕಾರ್ಡುಗಳ ಒಂದು ಕಟ್ಟು ತಂದು, ನಾನು ರಿಪೇರಿ ಮಾಡಿದ ಕಾರು ಅದೇ ತೊಂದರೆಗೆ ವಾಪಸು ಬಂದದ್ದು ಬಹಳ ಕಡಿಮೆ ಎಂದು ಎಲ್ಲರ ಮುಂದೆ ಹೊಗಳಿದ. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆ ಕಟ್ಟಿನಲ್ಲಿ ಯಾವ ಕಾರ್ಡ್ ಇಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ನಿವೃತ್ತಿಯ ನಂತರ ನಾನೂ ಹೆಂಡತಿಯೂ ಷಾರ್ಲೆಟ್ ಎಂಬ ಊರಿನ ಹತ್ತಿರ ಮನೆ ಮಾಡಿದೆವು. ಅಟ್ಲಾಂಟಾ ಈಗ ನಾಲ್ಕು ಗಂಟೆಯ ದಾರಿ. 2024ರ ಬೇಸಿಗೆಯಲ್ಲಿ ಮೇಘನಾ ಫೋನ್ ಮಾಡಿದಳು. ಅವಳೂ ಒಂದು ಹಳೆಯ ಟರ್ಬೊ ಕಾರು ಕೊಂಡಿದ್ದಳು, ಅಮ್ಮನ ಸುಟ್ಟ ಕಾರಿನಂಥದೇ. "ಮಾಮ, ನೀವು ಬಂದು ನೋಡಿ ಪ್ಲೀಸ್. ಅಮ್ಮ ಈಸ್ ಸೋ ಸ್ಕೇರ್ಡ್" ಎಂದಳು.

ಶನಿವಾರ ಬೆಳಿಗ್ಗೆ ಅಕ್ಕನ ಮನೆ ಮುಂದೆ ಮೇಘನಾಳ ಕಾರಿನ ಕೆಳಗೆ ಮಲಗಿದ್ದೆ. ಮನೆಯ ಗ್ಯಾರೇಜಿನ ಬಾಗಿಲು ತೆರೆದಿತ್ತು, ಒಳಗಿನದು ನನಗೆ ಕಾಣುತ್ತಿತ್ತು. ಒಳಗೆ ಅಕ್ಕ ಭಾವನ ಕಾರಿನ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ಕಾಗದಕ್ಕೆ ಒರೆಸಿ, ಮತ್ತೆ ಅದ್ದಿ, ಕನ್ನಡಕ ಏರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗೀಟು ಹಾಕಿದಳು. ಹಿಂದಿನ ದಿನಕ್ಕೂ ಗೀಟಿತ್ತು. ಅದರ ಹಿಂದಿನ ದಿನಕ್ಕೂ ಇತ್ತು.

"ಅಕ್ಕ, ಏನದು?"

"ದಿನಾ ನೋಡ್ತೀನಪ್ಪ. ಓಡ್ಸೋದು ಅವ್ರು, ನೋಡೋದು ನಾನು."

"ಮೂರು ವರ್ಷದಿಂದ್ಲೂ ಇದೇ ಡ್ಯೂಟಿ" ಎಂದರು ಭಾವ, ಕಾಫಿ ಲೋಟ ಹಿಡಿದು ಬಂದು. "ನಾನು ಆಫೀಸಿಗೆ ಲೇಟಾದ್ರೂ ಬಿಡಲ್ಲ. ಬುದ್ಧಿ ಬಂದಿದೆ ನೋಡು."

ಅಕ್ಕ ಈ ಕಡೆ ಬಂದು ಮಗಳ ತೋಳು ಹಿಡಿದಳು. "ನೀನೂ ದಿನಾ ನೋಡ್ಬೇಕು ಪುಟ್ಟಿ. ನನ್ನ ಥರ ಮಾಡ್ಬೇಡ. ನನ್ನ ಅಜಾಗರೂಕತೆಗೆ ಆ ಲಾರಿಯವನೂ ಸಾಯ್ತಿದ್ದ."

"ಅಮ್ಮಾ, ಇಟ್ ವಾಸ್ ಆ್ಯನ್ ಆ್ಯಕ್ಸಿಡೆಂಟ್."

"ಆ್ಯಕ್ಸಿಡೆಂಟ್ ಅಲ್ಲ. ನಿಮ್ಮ ಮಾಮನ್ನೇ ಕೇಳು, ಅವ್ನು ಕಣ್ಣಾರೆ ನೋಡಿದ್ದಾನೆ. ಹೇಳೋ ಶಿವು ಇವ್ಳಿಗೆ."

ನಾನು ಕಾರಿನ ಕೆಳಗಿನಿಂದ ಹೊರಗೆ ಸರಿದೆ. ಏಳಲು ಭುಜ ಬಿಡಲಿಲ್ಲ, ಮೇಘನಾ ಕೈ ಕೊಟ್ಟಳು. ಭಾವ ಕಾಫಿ ಕುಡಿಯುತ್ತ ನಗಲು ತಯಾರಾಗಿದ್ದರು. ಭಾವ ಒಳಗೆ ಹೋಗಲಿ, ಅಕ್ಕನಿಗೊಬ್ಬಳಿಗೇ ಹೇಳೋಣ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ತಪ್ಪನ್ನು ಅವಳ ಮೇಲೆ ಹೊರಿಸಿದ್ದು ಎಲ್ಲರ ಮುಂದೆ, ಇಳಿಸುವುದೂ ಎಲ್ಲರ ಮುಂದೆಯೇ ಆಗಬೇಕು.

"ಹೇಳೋ, ಯಾಕೆ ಹಂಗೆ ನಿಂತೆ?" ಎಂದಳು ಅಕ್ಕ.

"ನೀನು ಆಯಿಲ್ ನೋಡ್ದೆ ಇದ್ದಿದ್ದಕ್ಕೆ ಕಾರು ಸುಡ್ಲಿಲ್ಲ ಅಕ್ಕ. ಆವತ್ತು ಕಾಯ್ಸಿ ಹಾಕಿದ್ನಲ್ಲ, ಆ ಹಳೇ ವಾಷರ್ ಸೀಳಿ ಆಯಿಲೆಲ್ಲ ಸೋರಿಹೋಯ್ತು. ಅದು ಸರಿಯಿಲ್ಲ ಅಂತ ಹಾಕೋವಾಗ್ಲೇ ನನ್ನ ಕೈಗೆ ಗೊತ್ತಾಗಿತ್ತು. ಯಾರ್ಡಲ್ಲಿ ಭಾವಂಗೆ ಕಾಣ್ಬಾರ್ದು ಅಂತ ಅದನ್ನ ಒರೆಸ್ದೋನೂ ನಾನೇ. ನೀನು ಕೆಲಸ ಬಿಟ್ಟಾಗ್ಲೂ ಬಾಯಿ ಬಿಡ್ಲಿಲ್ಲ, ಎಲ್ಲರ ಜೊತೆ ಕೂತು ನಗ್ತಿದ್ದೆ. ನಿಂದೇನೂ ತಪ್ಪಿಲ್ಲ ಅಕ್ಕ. ತಪ್ಪು ಮಾಡಿದ್ದು ನಾನು, ಅದನ್ನ ನಿನ್ನ ತಲೆಗೆ ಕಟ್ಟಿದ್ದೂ ನಾನು. ನನ್ನನ್ನ ಕ್ಷಮಿಸು."